ಬೀಜ ಕೊಳ್ಳುವವರನ್ನು ನಡವಳಿಕೆಯಂತೆ ವಿಂಗಡಿಸಿದ ನನ್ನ ಅನುಭವ

ಬೆಂಗಳೂರಿನ ತಾರಸಿ ತೋಟದವರಿಗೆ ತರಕಾರಿ ಬೀಜ, ಕೊಕೊಪೀಟ್, ಬೇವಿನ ಹಿಂಡಿ, ಎರೆಗೊಬ್ಬರ ಮಾರುವ ಸಣ್ಣ ಆನ್‌ಲೈನ್ ಅಂಗಡಿಯೊಂದರ ಇಮೇಲ್ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಆ ಕೆಲಸ ನನ್ನ ಕೈಗೆ ಬಂದಾಗ ಗ್ರಾಹಕರೆಲ್ಲ ಒಂದೇ ಪಟ್ಟಿಯಲ್ಲಿದ್ದರು, ವಾರಕ್ಕೊಂದು ಇಮೇಲ್ ಎಲ್ಲರಿಗೂ ಹೋಗುತ್ತಿತ್ತು. ಬೆಂಡೆ ಬೀಜ ಕೊಂಡವರಿಗೆ ಮರುವಾರವೇ ಅದೇ ಬೆಂಡೆ ಬೀಜದ ರಿಯಾಯಿತಿಯ ಸುದ್ದಿ ತಲುಪುತ್ತಿತ್ತು. “ಮೇಡಂ, ಮೊನ್ನೆ ತಾನೆ ತಗೊಂಡಿದ್ದೀನಿ, ಇನ್ನೂ ಮೊಳಕೆಯೇ ಬಂದಿಲ್ಲ” ಎಂದು ಹಿರಿಯ ಗ್ರಾಹಕರೊಬ್ಬರು ಫೋನಿನಲ್ಲಿ ಹೇಳಿದರು. ವಿಂಗಡಣೆ ಯಾವುದರ ಮೇಲೆ ನಿಲ್ಲಬೇಕು ಎಂಬುದು ಆ ಮಾತಿನಲ್ಲೇ ಇತ್ತು: ಬೀಜ ಕೊಂಡವರು ಮತ್ತೆ ಯಾವಾಗ ಕೊಳ್ಳುತ್ತಾರೆ ಎಂಬುದನ್ನು ಬೆಳೆ ನಿರ್ಧರಿಸುತ್ತದೆ, ಕ್ಯಾಲೆಂಡರ್ ಅಲ್ಲ.

ನಾವು ಬಳಸುವುದು ಗ್ರಾಹಕರ ದಾಖಲೆ ಇಟ್ಟು ಇಮೇಲ್ ಕಳುಹಿಸುವ ಮೌಟಿಕ್ ಎಂಬ ಮುಕ್ತ ತಂತ್ರಾಂಶವನ್ನು. ಅದು ನಮ್ಮದೇ ಸರ್ವರ್‌ನಲ್ಲಿದೆ. ಜಾಲತಾಣದ ಪ್ರತಿ ಪುಟಕ್ಕೂ ಅದರ ಟ್ರ್ಯಾಕಿಂಗ್ ಸ್ಕ್ರಿಪ್ಟ್ ಸೇರಿಸಿದರೆ ಯಾರು ಯಾವ ಪುಟ ನೋಡಿದರು ಎಂಬುದು ದಾಖಲಾಗುತ್ತದೆ. ಆದರೆ ನೋಡಿದವರು ಫಾರ್ಮ್ ತುಂಬುವವರೆಗೆ ಅಥವಾ ನಮ್ಮ ಇಮೇಲ್‌ನ ಕೊಂಡಿ ಒತ್ತಿ ಬರುವವರೆಗೆ ಅನಾಮಿಕರಾಗಿಯೇ ಉಳಿಯುತ್ತಾರೆ. ಖರೀದಿಯ ವಿವರ ತಾನಾಗಿ ಅಲ್ಲಿಗೆ ಬರುವುದಿಲ್ಲವಾದ್ದರಿಂದ, ಪ್ರತಿ ಆರ್ಡರ್ ಆದ ಕೂಡಲೇ ಕೊನೆಯ ಆರ್ಡರಿನ ದಿನಾಂಕ, ಕೊಂಡ ಬೆಳೆಯ ಗುಂಪು, ಒಟ್ಟು ಆರ್ಡರುಗಳ ಸಂಖ್ಯೆ ಈ ಮೂರನ್ನು ಗ್ರಾಹಕರ ದಾಖಲೆಗೆ ಬರೆಯುವಂತೆ ಎಪಿಐ (ಎರಡು ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳುವ ದಾರಿ) ಮೂಲಕ ಜೋಡಿಸಿಕೊಂಡೆ. ಮುಂದಿನ ಕೆಲಸಕ್ಕೆಲ್ಲ ಆಧಾರವಾದದ್ದು ಈ ಮೂರು ಫೀಲ್ಡುಗಳೇ.

ಇಮೇಲ್ ತೆರೆದದ್ದನ್ನು ನಾನು ನಡವಳಿಕೆಯೆಂದು ಎಣಿಸುವುದಿಲ್ಲ. ಅದರೊಳಗಿನ ಚಿತ್ರ ಇಳಿದರೆ ತೆರೆದಂತೆ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. 2021ರಲ್ಲಿ ಐಒಎಸ್ 15ರೊಂದಿಗೆ ಆಪಲ್ ತಂದ ಮೇಲ್ ಗೌಪ್ಯತೆಯ ಸೌಲಭ್ಯವು ಇಮೇಲ್‌ನಲ್ಲಿರುವ ಚಿತ್ರಗಳನ್ನು ಓದುಗರು ತೆರೆಯುವ ಮೊದಲೇ ಇಳಿಸಿಕೊಳ್ಳುವುದರಿಂದ, ಕಣ್ಣೆತ್ತಿಯೂ ನೋಡದವರು ವರದಿಯಲ್ಲಿ ಓದಿದವರಾಗಿ ಕಾಣುತ್ತಾರೆ. ಕ್ಲಿಕ್ಕುಗಳೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಕಚೇರಿಯ ವಿಳಾಸಗಳಿಗೆ ಹೋದ ಇಮೇಲ್‌ಗಳ ಕೊಂಡಿಗಳನ್ನು ಹಲವೆಡೆ ಅಲ್ಲಿನ ಭದ್ರತಾ ವ್ಯವಸ್ಥೆಯೇ ಮೊದಲು ಒತ್ತಿ ಪರೀಕ್ಷಿಸುತ್ತದೆ. ಹೀಗಾಗಿ ಕ್ಲಿಕ್ ಆದ ಮೇಲೆ ಇನ್ನೊಂದು ಪುಟವನ್ನಾದರೂ ನೋಡಿದವರನ್ನು ಮಾತ್ರ ಆಸಕ್ತರ ಸೆಗ್ಮೆಂಟಿಗೆ (ವಿಂಗಡಿಸಿದ ಗ್ರಾಹಕರ ಪಟ್ಟಿಗೆ) ಸೇರಿಸುತ್ತೇನೆ.

ನನ್ನ ಹೆಚ್ಚಿನ ಸಮಯ ಹೋದದ್ದು ಅವಧಿಗಳನ್ನು ಗೊತ್ತುಮಾಡುವುದರಲ್ಲಿ. ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಮೂವತ್ತು, ಅರವತ್ತು, ತೊಂಬತ್ತು ದಿನಗಳ ಲೆಕ್ಕ ಬೀಜದ ವ್ಯಾಪಾರಕ್ಕೆ ಹೊಂದುವುದಿಲ್ಲ. ಹರಿವೆ ಸೊಪ್ಪು ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೆಂಡೆಗೆ ಸುಮಾರು 45ರಿಂದ 50 ದಿನ ಬೇಕು. ಟೊಮ್ಯಾಟೊ ಸಸಿ ಮಾಡಿ, ನಾಟಿ ಮಾಡಿ, ಹಣ್ಣು ಕೀಳುವ ಹೊತ್ತಿಗೆ ಮೂರು ತಿಂಗಳಾಗುತ್ತದೆ. ಆದ್ದರಿಂದ ಬೀಜಗಳನ್ನು ಸೊಪ್ಪು, ಬೇಗ ಬರುವ ಕಾಯಿ, ಸಸಿ ಮಾಡಿ ನೆಡುವ ತರಕಾರಿ ಎಂದು ಗುಂಪು ಮಾಡಿ, ಒಂದೊಂದು ಗುಂಪಿಗೂ ಬೇರೆ ಬೇರೆ ಅವಧಿ ಕೊಟ್ಟೆ. ಸೊಪ್ಪಿನ ಬೀಜ ಕೊಂಡವರು ಇಪ್ಪತ್ತು ದಿನ ದಾಟಿದ ಮೇಲೆ ‘ಮರುಬಿತ್ತನೆ ಹತ್ತಿರ’ ಎಂಬ ಸೆಗ್ಮೆಂಟಿಗೆ ತಾವಾಗಿ ಸೇರುತ್ತಾರೆ. ಬೆಂಡೆಯವರಿಗೆ ಅದೇ ಇಪ್ಪತ್ತನೆಯ ದಿನ ಬೀಜದ ಮಾತೇ ಇಲ್ಲ. ಗಿಡ ಬೆಳೆಯುವ ಹೊತ್ತಾದ್ದರಿಂದ ಅವರಿಗೆ ಹೋಗುವುದು ಬೇವಿನ ಹಿಂಡಿಯನ್ನು ಹೇಗೆ ಹಾಕಬೇಕೆಂಬ ವಿವರ. ಸೆಗ್ಮೆಂಟಿಗೆ ಯಾರು ಸೇರಬೇಕೆಂದು ಹೇಳುವ ಫಿಲ್ಟರ್‌ನಲ್ಲಿ ಸ್ಥಿರ ದಿನಾಂಕ ಬರೆಯದೆ ‘ಇಂದಿಗೆ ಇಷ್ಟು ದಿನ ಹಿಂದೆ’ ಎಂಬ ಸಾಪೇಕ್ಷ ರೂಪದಲ್ಲಿ ಕೊಟ್ಟರೆ ಪಟ್ಟಿ ದಿನವೂ ತಾನೇ ಸರಿಯುತ್ತಾ ಹೋಗುತ್ತದೆ.

ಪುಟ ನೋಡಿದವರನ್ನು ಹಿಡಿಯುವಾಗ ಒಂದು ಸೂಕ್ಷ್ಮವಿದೆ. ‘ಈ ಪುಟ ನೋಡಿದ್ದಾರೆ’ ಎಂಬ ಫಿಲ್ಟರ್ ಮತ್ತು ‘ಈ ದಿನಗಳೊಳಗೆ ಪುಟ ನೋಡಿದ್ದಾರೆ’ ಎಂಬ ಫಿಲ್ಟರ್ ಎರಡನ್ನೂ ಜೊತೆಗೆ ಹಾಕಿದರೆ, ಅದೇ ಪುಟವನ್ನು ಅದೇ ದಿನಗಳಲ್ಲಿ ನೋಡಿದವರು ಎಂಬ ಅರ್ಥ ಬರುವುದಿಲ್ಲ. ಎಂದೋ ಟೊಮ್ಯಾಟೊ ಪುಟ ನೋಡಿ, ನಿನ್ನೆ ಮತ್ತೇನನ್ನೋ ನೋಡಿದವರೂ ಒಳಗೆ ಬರುತ್ತಾರೆ. ಹಾಗಾಗಿ ಮುಖ್ಯವಾದ ಪುಟಗಳನ್ನು ನೋಡಿದವರ ದಾಖಲೆಗೆ ಸ್ಕ್ರಿಪ್ಟ್ ಮೂಲಕವೇ ಟ್ಯಾಗ್ (ಗುರುತಿನ ಪದ) ಹಚ್ಚಿ, ಎರಡು ವಾರದ ನಂತರ ಅದನ್ನು ತೆಗೆಯುವ ಕೆಲಸವನ್ನು ಕ್ಯಾಂಪೇನಿಗೆ, ಅಂದರೆ ತಾನಾಗಿ ನಡೆಯುವ ಹಂತಗಳ ಸರಣಿಗೆ, ಬಿಟ್ಟಿದ್ದೇನೆ.

ಸರ್ವರ್‌ನಲ್ಲಿ ಗೊತ್ತಾದ ಹೊತ್ತಿಗೆ ತಾವಾಗಿ ನಡೆಯುವ ಕ್ರಾನ್ ಕೆಲಸಗಳ ವಿಷಯ ಚುಟುಕಾಗಿ ಹೇಳಬಹುದು. ಸೆಗ್ಮೆಂಟ್ ನವೀಕರಣ ಮೊದಲು, ಕ್ಯಾಂಪೇನಿನ ಸದಸ್ಯರ ನವೀಕರಣ ಆಮೇಲೆ, ಇಮೇಲ್ ಹೊರಡಿಸುವುದು ಕೊನೆಗೆ. ನಡುವೆ ಐದೈದು ನಿಮಿಷದ ಅಂತರ. ಕೈಯಿಂದ ಸೇರಿಸಿದವರನ್ನು ಫಿಲ್ಟರ್ ಹೊರಗೆ ಹಾಕುವುದಿಲ್ಲ ಎಂಬುದು ನೆನಪಿರಬೇಕು. ‘ಸ್ವಲ್ಪ ಪರೀಕ್ಷೆಗೆ’ ಎಂದು ಸೇರಿಸಿದ ಸಹೋದ್ಯೋಗಿಗಳು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತಾರೆ.

ಮೌನವಾಗಿರುವವರನ್ನು ಏನು ಮಾಡಬೇಕು ಎಂಬ ಪ್ರಶ್ನೆಯಲ್ಲಿ ಅಂಗಡಿಯ ಯಜಮಾನರಿಗೂ ನನಗೂ ದೀರ್ಘ ಚರ್ಚೆಯೇ ನಡೆಯಿತು. 2024ರ ಫೆಬ್ರವರಿಯಿಂದ ಜೀಮೇಲ್ ಇಮೇಲ್ ಕಳುಹಿಸುವವರ ಮೇಲಿನ ನಿಯಮಗಳನ್ನು ಬಿಗಿಗೊಳಿಸಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಷರತ್ತುಗಳು ಇನ್ನೂ ಹೆಚ್ಚಿದ್ದರೂ, ಸ್ಪ್ಯಾಮ್ ದೂರು ಶೇ 0.3ಕ್ಕಿಂತ ಕೆಳಗಿರಬೇಕೆಂಬುದು ನಮ್ಮಂಥ ಸಣ್ಣವರಿಗೂ ಅನ್ವಯಿಸುತ್ತದೆ. ಆಸಕ್ತಿಯಿಲ್ಲದವರಿಗೆ ಕಳುಹಿಸುತ್ತಲೇ ಇದ್ದರೆ ಆ ದೂರುಗಳು ಹೆಚ್ಚಬಹುದು. ಹಾಗೆಂದು ತೊಂಬತ್ತು ದಿನ ಸುಮ್ಮನಿದ್ದವರನ್ನೆಲ್ಲ ಪಟ್ಟಿಯಿಂದ ಕೈಬಿಟ್ಟರೆ, ಮುಂಗಾರಿಗೆ ಮುನ್ನ ವರ್ಷಕ್ಕೊಮ್ಮೆ ಬಂದು ಇಡೀ ತಾರಸಿಗೆ ಬೇಕಾದ ಬೀಜ ಒಯ್ಯುವವರು ಹೊರಗಾಗುತ್ತಾರೆ. ನಮ್ಮ ದೊಡ್ಡ ಆರ್ಡರುಗಳು ಬರುವುದೇ ಅವರಿಂದ. ಅದಕ್ಕೆ ಅವರದ್ದೇ ಒಂದು ಸೆಗ್ಮೆಂಟ್ ಮಾಡಿ, ವಾರದ ಇಮೇಲ್ ಪೂರ್ತಿ ನಿಲ್ಲಿಸಿ, ಏಪ್ರಿಲ್ ಕೊನೆಗೆ ಮಾತ್ರ ಬರೆಯುತ್ತೇವೆ. ಎರಡು ಮುಂಗಾರು ಕಳೆದರೂ ಬಾರದವರನ್ನು, ಉಳಿಯುತ್ತೀರಾ ಎಂದು ಒಮ್ಮೆ ಕೇಳಿ ಬಿಟ್ಟುಬಿಡುತ್ತೇವೆ.

ಅಂಕ ಕೊಡುವ ಪದ್ಧತಿಯನ್ನು ನಾನು ಬಳಸುವುದಿಲ್ಲ. ಪುಟ ನೋಡಿದರೆ ಐದು, ಕ್ಲಿಕ್ ಮಾಡಿದರೆ ಹತ್ತು ಎಂದು ಕೂಡಿಸುತ್ತಾ ಹೋದರೆ ಅಂಕ ಏರುತ್ತದೆಯೇ ಹೊರತು ಅವರು ಏಕೆ ಬಂದರು ಎಂಬುದು ತಿಳಿಯುವುದಿಲ್ಲ. ಅದರ ಬದಲು ಪ್ರತಿ ಸೆಗ್ಮೆಂಟಿನಿಂದ ಆಗಾಗ ಕೆಲವರ ದಾಖಲೆಯನ್ನು ತೆರೆದು ಅವರ ಚಟುವಟಿಕೆಯ ಸಾಲನ್ನು ಮೊದಲಿನಿಂದ ಓದುತ್ತೇನೆ. ಟೊಮ್ಯಾಟೊ ವಿಭಾಗಕ್ಕೆ ಮತ್ತೆ ಮತ್ತೆ ಬಂದು ಏನೂ ಕೊಳ್ಳದೆ ಹೋಗುತ್ತಿದ್ದ ಕೆಲವರು ಹೀಗೆ ಕಣ್ಣಿಗೆ ಬಿದ್ದರು. ಲೆಕ್ಕದ ಪ್ರಕಾರ ಅವರು ಇನ್ನೇನು ಕೊಳ್ಳಲಿರುವ ಗ್ರಾಹಕರು. ಆದರೆ ಪುಟಗಳ ಹೆಸರು ನೋಡಿದರೆ, ಅವರು ಓದುತ್ತಿದ್ದದ್ದು ಬಿಳಿನೊಣದಿಂದ ಹರಡುವ ಎಲೆ ಮುಟುರು ರೋಗದ ಲೇಖನವನ್ನು. ಅವರಿಗೆ ಬೀಜ ಬೇಕಿರಲಿಲ್ಲ, ಗಿಡ ಉಳಿಸಿಕೊಳ್ಳುವ ದಾರಿ ಬೇಕಿತ್ತು. ಈಗ ರೋಗ–ಕೀಟದ ಪುಟಗಳಿಗೆ ಪ್ರತ್ಯೇಕ ಟ್ಯಾಗ್ ಇದೆ. ಆ ಟ್ಯಾಗ್ ಇರುವವರೆಗೆ ರಿಯಾಯಿತಿಯ ಇಮೇಲ್ ಅವರಿಗೆ ಹೋಗುವುದಿಲ್ಲ. ರೋಗ ತಗುಲಿದ ಗಿಡವನ್ನು ಕಿತ್ತು ಬೇರೆಡೆ ಹಾಕುವುದು, ಹಳದಿ ಅಂಟು ಬಲೆ ಕಟ್ಟುವುದು, ಬೇವಿನ ಎಣ್ಣೆ ಸಿಂಪಡಿಸುವುದು ಇವುಗಳ ವಿವರ ಮಾತ್ರ ಹೋಗುತ್ತದೆ.