ಗೋಡೆ ಹತ್ತಿದ ಉಣುಗು: ನನ್ನ ಅನುಭವ

ಒಂದು ರಾತ್ರಿ ದೀಪ ಆರಿಸಲು ಎದ್ದಾಗ ಗೋಡೆಯ ಮೇಲೆ ಏನೋ ಹತ್ತುತ್ತಿರುವುದು ಕಂಡಿತು. ಎಳ್ಳುಕಾಳಿನಷ್ಟು ಗಾತ್ರ, ಕಂದು ಬಣ್ಣ. ಹತ್ತಿರ ಹೋಗಿ ನೋಡಿದರೆ ಉಣುಗು. ಕೆಲವರು ಉಣ್ಣೆ, ಉಣ್ಣಿ ಅಂತಲೂ ಕರೆಯುತ್ತಾರೆ. ನನ್ನ ತಲೆಯ ಎತ್ತರ ದಾಟಿ, ಸೂರಿನ ಕಡೆಗೆ ನಿಧಾನವಾಗಿ ಹೋಗುತ್ತಿತ್ತು.

ನಮ್ಮ ನಾಯಿ ಚಿನ್ನುವಿಗೆ ಉಣುಗು ಹತ್ತಿರುವುದು ಗೊತ್ತೇ ಇತ್ತು. ಎರಡು ತಿಂಗಳಿಂದ ದಿನಾ ಸಂಜೆ ಅವಳ ಕಿವಿ, ಕಾಲ್ಬೆರಳ ಸಂದು ಬಿಡಿಸಿ ಒಂದೊಂದಾಗಿ ತೆಗೆಯುತ್ತಿದ್ದೆ. ಔಷಧಿ ಶಾಂಪೂ ಹಾಕಿ ವಾರಕ್ಕೊಮ್ಮೆ ಸ್ನಾನ ಮಾಡಿಸುತ್ತಿದ್ದೆ. ಸ್ನಾನದ ಮರುದಿನ ಮೈ ಸ್ವಚ್ಛ. ನಾಲ್ಕನೇ ದಿನ ಮತ್ತೆ ಐದಾರು. ಹೊರಗೆ ಹುಲ್ಲಿನಿಂದ ಹತ್ತಿಕೊಂಡು ಬರುತ್ತಿದೆ ಅಂದುಕೊಂಡು ಅವಳನ್ನು ಓಡಾಡಿಸುವುದನ್ನೂ ಕಡಿಮೆ ಮಾಡಿದ್ದೆ. ಅದರಿಂದ ಅವಳು ಸಪ್ಪಗಾದಳೇ ಹೊರತು ಉಣುಗು ಒಂದೂ ಕಡಿಮೆಯಾಗಲಿಲ್ಲ.

ಆ ರಾತ್ರಿ ಟಾರ್ಚ್ ಹಿಡಿದು ಕೋಣೆಯೆಲ್ಲಾ ನೋಡಿದೆ. ಪರದೆಯ ಮೇಲಿನ ಮಡಿಕೆಯಲ್ಲಿ ಎರಡು. ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಬಿರುಕಿನಲ್ಲಿ ಸಾಲಾಗಿ ಏಳೆಂಟು. ಫೋಟೋ ಚೌಕಟ್ಟಿನ ಹಿಂದೆ, ಕಂದು ಮಣಿಗಳನ್ನು ಗುಡ್ಡೆ ಹಾಕಿದಂತೆ ಮೊಟ್ಟೆಗಳು. ಮೈ ಜುಮ್ಮೆಂದಿತು. ನಾನು ನಾಯಿಯ ಮೈಮೇಲೆ ಹುಡುಕುತ್ತಿದ್ದೆ, ಅವು ಮನೆ ತುಂಬಾ ಸಂಸಾರ ಹೂಡಿದ್ದವು.

ಮರುದಿನ ಪಶುವೈದ್ಯರಿಗೆ ಎರಡು ಉಣುಗುಗಳನ್ನು ಸಣ್ಣ ಶೀಶೆಯಲ್ಲಿ ಹಾಕಿ ತೋರಿಸಿದೆ. ಇದು ನಾಯಿಗಳಿಗೆ ಹತ್ತುವ ಕಂದು ಉಣುಗು ಎಂದರು. ಬೇರೆ ಹೆಚ್ಚಿನ ಉಣುಗುಗಳು ಹುಲ್ಲು, ಪೊದೆ, ತರಗೆಲೆಯಲ್ಲಿ ಬದುಕುತ್ತವೆ. ಮನೆಯೊಳಗೆ ಬಂದರೂ ವಂಶ ಬೆಳೆಸುವುದು ಕಷ್ಟ. ಈ ಒಂದು ಜಾತಿ ಮಾತ್ರ ಹಾಗಲ್ಲ. ನಾಯಿಯೊಂದಿದ್ದರೆ ಸಾಕು, ಹುಟ್ಟಿನಿಂದ ಸಾವಿನ ತನಕ ಮನೆಯೊಳಗೇ ಇದ್ದುಬಿಡುತ್ತದೆ. ಅವರು ವಿವರಿಸಿದ ಅದರ ಬದುಕಿನ ಕ್ರಮ ಕೇಳಿದ ಮೇಲೆಯೇ ನನ್ನ ತಪ್ಪು ಎಲ್ಲಿ ಅಂತ ತಿಳಿದದ್ದು.

ಉಣುಗು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು. ಅದು ನಾಯಿಗೆ ಹತ್ತಿ, ಕೆಲವು ದಿನ ರಕ್ತ ಕುಡಿದು, ಕೆಳಗೆ ಬೀಳುತ್ತದೆ. ಎಲ್ಲೋ ಸಂದಿನಲ್ಲಿ ಕೂತು ಪೊರೆ ಬಿಟ್ಟು ಎಂಟು ಕಾಲಿನದಾಗುತ್ತದೆ. ಮತ್ತೆ ಹತ್ತುತ್ತದೆ, ಕುಡಿಯುತ್ತದೆ, ಬೀಳುತ್ತದೆ. ಆಮೇಲೆ ಬೆಳೆದ ಉಣುಗಾಗಿ ಮೂರನೇ ಸಲ ಬರುತ್ತದೆ. ಹೆಣ್ಣು ಒಂದು ವಾರವೋ ಜಾಸ್ತಿಯೋ ರಕ್ತ ಕುಡಿದು, ಬೂದು ಬಣ್ಣದ ದ್ವಿದಳ ಕಾಳಿನಂತೆ ಊದಿಕೊಂಡು, ಉದುರಿ ಬೀಳುತ್ತದೆ. ಗೋಡೆ ಬಿರುಕು ಹುಡುಕಿ ಅಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಒಂದು ಹೆಣ್ಣು 4000ದವರೆಗೂ ಮೊಟ್ಟೆ ಇಡಬಲ್ಲದು. ಬೆಚ್ಚಗಿನ ಮನೆಯಲ್ಲಿ ಈ ಇಡೀ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ರಕ್ತ ಸಿಗದಿದ್ದರೆ ಬೆಳೆದ ಉಣುಗು ಒಂದು ವರ್ಷಕ್ಕೂ ಮೀರಿ ಕಾಯುತ್ತದೆ.

ಅಂದರೆ ಅದು ನಾಯಿಯ ಮೇಲೆ ಇರುವುದು ಊಟದ ಹೊತ್ತಿನಲ್ಲಿ ಮಾತ್ರ. ಉಳಿದ ಬದುಕೆಲ್ಲಾ ಗೋಡೆ, ಚೌಕಟ್ಟು, ಪರದೆ, ಹಾಸಿಗೆಯ ಹೊಲಿಗೆಯಲ್ಲಿ. ಮೇಲಕ್ಕೆ ಹತ್ತುವುದು ಅದರ ಸ್ವಭಾವ. ನೆಲ ಎಷ್ಟು ಒರೆಸಿದರೂ ಪ್ರಯೋಜನವಾಗದೇ ಇದ್ದದ್ದು ಇದಕ್ಕೇ.

ಇಷ್ಟು ತಿಳಿದ ಮೇಲೂ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನಾಯಿ ಇಲ್ಲದಿದ್ದರೆ ಉಣುಗು ಹಸಿದು ಸಾಯುತ್ತದೆ ಅಂತ ಮನೆಯವರೆಲ್ಲಾ ಹೇಳಿದರು. ಚಿನ್ನುವನ್ನು ಎರಡು ವಾರ ಗೆಳತಿಯ ಮನೆಯಲ್ಲಿ ಬಿಟ್ಟೆ. ಹತ್ತನೇ ದಿನ ಮಗಳ ಕಿವಿಯ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ನಾಯಿ ಸಿಗದಿದ್ದಾಗ ಈ ಉಣುಗು ಮನುಷ್ಯರನ್ನೂ ಕಚ್ಚುತ್ತದೆ. ಅದರ ಮುಂಗಾಲುಗಳಲ್ಲಿ ಉಸಿರಿನ ಗಾಳಿ, ಮೈಯ ಬಿಸಿ ಹಿಡಿಯುವ ಅಂಗ ಇದೆ. ಮನೆಯಲ್ಲಿ ಉಸಿರಾಡುತ್ತಾ ಮಲಗಿದ್ದವರು ನಾವೇ ಅಲ್ವಾ? ಗೆಳತಿಯ ಮನೆಗೂ ಉಣುಗು ದಾಟಿಸಿಬಿಟ್ಟೆನೇನೋ ಅನ್ನುವ ಭಯ ಬೇರೆ. ಅಲ್ಲಿ ಹೋಗಿ ಚಿನ್ನು ಮಲಗಿದ್ದ ಜಾಗವನ್ನೆಲ್ಲಾ ನಾನೇ ಸ್ವಚ್ಛ ಮಾಡಿ ಬಂದೆ.

ಪಶುವೈದ್ಯರು ಹೇಳಿದ್ದು ಇದಕ್ಕೆ ತದ್ವಿರುದ್ಧವಾಗಿತ್ತು. ನಾಯಿಗೆ ಸರಿಯಾದ ಔಷಧಿ ಕೊಟ್ಟು ಮನೆಯಲ್ಲೇ ಇರಿಸಿ. ಹಸಿದ ಉಣುಗು ಅವಳನ್ನೇ ಹುಡುಕಿಕೊಂಡು ಬರುತ್ತದೆ, ಕಚ್ಚುತ್ತದೆ, ಸಾಯುತ್ತದೆ. ಮೊಟ್ಟೆ ಇಡುವಷ್ಟು ದಿನ ಬದುಕುವುದಿಲ್ಲ. ನಾನು ಮಾಡಿದ ಎಲ್ಲದರಲ್ಲಿ ನಿಜವಾಗಿ ಲೆಕ್ಕ ತಿರುಗಿಸಿದ್ದು ಇದೇ.

ಅವಳಿಗೆ ಕೊಟ್ಟದ್ದು ನುಂಗುವ ಗುಳಿಗೆ. ಫ್ಲುರಲಾನರ್, ಅಫಾಕ್ಸೊಲಾನರ್, ಸರೊಲಾನರ್ ಎಂಬ ಹೆಸರಿನ ಔಷಧಿಗಳು ಈ ಗುಂಪಿನವು. ಕೆಲವು ಒಂದು ತಿಂಗಳು ಕೆಲಸ ಮಾಡುತ್ತವೆ, ಫ್ಲುರಲಾನರ್ ಸುಮಾರು ಮೂರು ತಿಂಗಳು. ಔಷಧಿ ರಕ್ತದಲ್ಲಿ ಇರುವುದರಿಂದ ಸ್ನಾನ ಮಾಡಿಸಿದರೆ ತೊಳೆದು ಹೋಗುವುದಿಲ್ಲ. ಆದರೆ ತೂಕ ನೋಡಿಯೇ ಕೊಡಬೇಕು. ಮೂರ್ಛೆ ಬರುವ ನಾಯಿಗಳಿಗೆ ಇವು ತೊಂದರೆ ಮಾಡಬಹುದು. ಹಾಗಾಗಿ ಪಶುವೈದ್ಯರನ್ನು ಕೇಳದೆ ಸುಮ್ನೆ ತಂದು ಕೊಡಬೇಡಿ.

ಇಲ್ಲಿ ಬೆಕ್ಕು ಸಾಕಿರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಮನೆಯಲ್ಲೂ ಒಂದು ಬೆಕ್ಕಿದೆ. ನಾಯಿಯ ಕತ್ತಿನ ಮೇಲೆ ಹನಿಸುವ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿಗೆ ಅದು ವಿಷ. ನಡುಕ ಬಂದು, ಮೂರ್ಛೆ ಹೋಗಿ ಸಾಯಬಹುದು. ನಾಯಿಗೆ ಹಚ್ಚಿದ್ದನ್ನು ಬೆಕ್ಕು ಉಜ್ಜಿಕೊಂಡರೂ ಅಪಾಯವೇ. ನಾಯಿಯ ಔಷಧಿಯನ್ನು ಬೆಕ್ಕಿಗೆ ಸ್ವಲ್ಪ ಹಚ್ಚಿದರೆ ಏನಾಗುತ್ತದೆ ಅನ್ನುವ ಯೋಚನೆಯೇ ಬೇಡ. ಟೀ ಟ್ರೀ ಎಣ್ಣೆಯನ್ನು ನೈಸರ್ಗಿಕ ಅಂತ ಹಚ್ಚುವವರಿದ್ದಾರೆ. ಅದು ನಾಯಿಗೂ ಬೆಕ್ಕಿಗೂ ಒಳ್ಳೆಯದಲ್ಲ.

ಇನ್ನು ಮನೆ. ಮೊದಲ ಸಲ ಹುಳಗಳಿಗೆ ಔಷಧಿ ಹೊಡೆಯುವವರನ್ನು ಕರೆಸಿದ್ದೆ. ಅವರು ಕೋಣೆಯ ನಡುವೆ, ನೆಲದ ಮೇಲೆ ಹೊಡೆದು ಹೋದರು. ವಾಸನೆ ಬಂತು, ಉಣುಗು ಹೋಗಲಿಲ್ಲ. ಎರಡನೇ ಸಲ ಬೇರೆಯವರನ್ನು ಕರೆಸಿ, ಮೊದಲೇ ಟಾರ್ಚ್ ಹಿಡಿದು ನಾನೇ ಜಾಗ ತೋರಿಸಿದೆ. ಚೌಕಟ್ಟುಗಳ ಅಂಚು, ನೆಲಕ್ಕೂ ಗೋಡೆಗೂ ನಡುವಿನ ಪಟ್ಟಿಯ ಹಿಂಭಾಗ, ಸೂರಿನ ಮೂಲೆ, ಮಂಚದ ಕೀಲು, ಚಿನ್ನು ಮಲಗುವ ಜಾಗದ ಸುತ್ತಲಿನ ಗೋಡೆ. ಮನೆಯೊಳಗೆ ಉಣುಗಿಗೆ ಬಳಸಬಹುದು ಅಂತ ಡಬ್ಬಿಯ ಮೇಲೆ ಬರೆದಿರುವ ಔಷಧಿಯನ್ನೇ ಬಳಸಿ ಅಂತ ಕೇಳಿಕೊಂಡೆ. ಪೂರ್ತಿ ಒಣಗುವ ತನಕ ಮಕ್ಕಳು, ನಾಯಿ, ಬೆಕ್ಕು ಎಲ್ಲರೂ ಹೊರಗೆ. ಮೊಟ್ಟೆಗೆ ಔಷಧಿ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಮೂರು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಿದೆ, ಆಗ ಹೊಸದಾಗಿ ಒಡೆದ ಮರಿಗಳು ಸಿಕ್ಕವು. ಬ್ಲೀಚ್ ಹಾಕಿ ನೆಲ ಒರೆಸುವುದನ್ನೂ ಒಂದು ತಿಂಗಳು ಮಾಡಿದ್ದೆ. ಅದರಿಂದ ನನ್ನ ಕೈ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ.

ವ್ಯಾಕ್ಯೂಮ್ ಕ್ಲೀನರ್ ಮಾತ್ರ ನಂಬಿಕೆಯ ಜೊತೆಗಾರ. ಕಿರಿದಾದ ಮೂತಿ ಹಾಕಿ, ದಿನ ಬಿಟ್ಟು ದಿನ ಬಿರುಕು, ಸೋಫಾದ ಸಂದು, ಪರದೆಯ ಮೇಲಂಚು ಎಳೆಸುತ್ತಿದ್ದೆ. ಒಳಗೆ ಹೋದ ಉಣುಗು ಸಾಯುವುದಿಲ್ಲ, ತೆವಳಿ ಹೊರಬರುತ್ತದೆ. ಚೀಲವನ್ನು ತಕ್ಷಣ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮನೆಯಿಂದ ಹೊರಗೆ ಹಾಕಬೇಕು. ಮೊಟ್ಟೆಯ ಗುಡ್ಡೆ ಕಂಡರೆ ಅಗಲವಾದ ಅಂಟುಪಟ್ಟಿ ಒತ್ತಿ ಎತ್ತುತ್ತಿದ್ದೆ. ಮರಿಗಳ ಹಿಂಡಿಗೂ ಅಂಟುಪಟ್ಟಿಯೇ ಸುಲಭ. ಕೊನೆಗೆ ಬಿರುಕುಗಳನ್ನೆಲ್ಲಾ ಪುಟ್ಟಿ ಹಾಕಿ ಮುಚ್ಚಿಸಿದೆ. ಈ ಕೆಲಸ ಮೊದಲೇ ಮಾಡಿಸಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಬಟ್ಟೆಯ ವಿಷಯ: ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ, ನೀರಿನಲ್ಲೂ ತುಂಬಾ ಹೊತ್ತು ಬದುಕುತ್ತದೆ. 54 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ನೀರು ಬೇಕು. ಅದಕ್ಕಿಂತ ಸುಲಭವಾಗಿ ಕೊಲ್ಲುವುದು ಒಣ ಬಿಸಿ. ಡ್ರೈಯರ್ ಇದ್ದರೆ, ಒಣಗಿದ ಬಟ್ಟೆಯನ್ನೇ ಜಾಸ್ತಿ ಬಿಸಿಯಲ್ಲಿ 10 ನಿಮಿಷ ತಿರುಗಿಸಿದರೆ ಸಾಕು. ಒದ್ದೆ ಬಟ್ಟೆಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಚಿನ್ನುವಿನ ಹಳೆಯ ದಪ್ಪ ಹಾಸಿಗೆಯನ್ನು ಎಸೆದು, ವಾರಕ್ಕೊಮ್ಮೆ ಒಗೆಯಬಹುದಾದ ತೆಳು ಹೊದಿಕೆ ಹಾಕಿದೆ.

ಮಗಳಿಗೆ ಕಚ್ಚಿದ್ದನ್ನು ತೆಗೆದ ದಿನ ಕೈ ನಡುಗುತ್ತಿತ್ತು. ಸೀಮೆಎಣ್ಣೆ ಹಾಕಿ, ಬೆಂಕಿಕಡ್ಡಿ ತಾಗಿಸಿ ಅಂತ ಹೇಳಿದವರಿದ್ದರು. ಹಾಗೆ ಮಾಡಬಾರದು. ಕೆಣಕಿದರೆ ಉಣುಗು ತನ್ನ ಬಾಯಿನೀರನ್ನು ಇನ್ನಷ್ಟು ಗಾಯದೊಳಗೆ ಬಿಡಬಹುದು, ರೋಗ ಬರುವುದು ಅದರಿಂದಲೇ. ಚೂಪು ತುದಿಯ ಚಿಮಟದಿಂದ, ಹೊಟ್ಟೆ ಹಿಡಿಯದೆ, ಚರ್ಮಕ್ಕೆ ತಾಗಿದಂತೆ ಬಾಯಿಯ ಹತ್ತಿರ ಹಿಡಿಯಬೇಕು. ತಿರುಚದೆ, ಜಗ್ಗದೆ, ನೇರವಾಗಿ ಒಂದೇ ಸಮ ಎಳೆಯಬೇಕು. ಆಮೇಲೆ ಸೋಪಿನಿಂದ ತೊಳೆಯಬೇಕು. ಉಣುಗನ್ನು ಉಗುರಿನಲ್ಲಿ ಕುಕ್ಕಬಾರದು, ಸ್ಪಿರಿಟ್ ತುಂಬಿದ ಮುಚ್ಚಳದ ಶೀಶೆಗೆ ಹಾಕಬೇಕು. ಕಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೈಮೇಲೆ ಗುಳ್ಳೆ ಅಥವಾ ಕೆಂಪು ಕಲೆ ಕಂಡರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನು ತಪ್ಪದೆ ಹೇಳಬೇಕು. ಮಗಳಿಗೆ ಏನೂ ಆಗಲಿಲ್ಲ.

ಚಿನ್ನುವಿಗೆ ಆಯಿತು. ಊಟ ಬಿಟ್ಟಳು, ಜ್ವರ ಬಂತು, ಒಂದು ಬೆಳಿಗ್ಗೆ ಮೂಗಿನಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಎರ್ಲಿಕಿಯಾ ಎಂಬ ರೋಗಾಣು, ಇದೇ ಕಂದು ಉಣುಗಿನಿಂದ ಬರುವುದು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟ ಮೇಲೆ ಚೇತರಿಸಿಕೊಂಡಳು. ಬಟ್ಟಲಿನ ಮುಂದೆ ತಲೆ ತಗ್ಗಿಸಿ ಸುಮ್ಮನೆ ಕೂತಿರುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಉಣುಗು ಅಂದರೆ ಬರೀ ಕಿರಿಕಿರಿ ಅಂತ ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಗುಳಿಗೆ ಕೊಟ್ಟರೂ ಉಣುಗು ಸಾಯಬೇಕಾದರೆ ಮೊದಲು ಕಚ್ಚಲೇಬೇಕು. ಆದ್ದರಿಂದ ದಿನಾ ಮೈ ತಡವಿ ನೋಡುವುದನ್ನು ನಾನು ನಿಲ್ಲಿಸಿಲ್ಲ. ಕಿವಿಯ ಒಳಗೆ, ಕೊರಳ ಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಕಾಲ್ಬೆರಳ ನಡುವೆ.

ಒಟ್ಟು ಎಷ್ಟು ದಿನ ಹಿಡಿಯಿತು? ಗುಳಿಗೆ ಶುರು ಮಾಡಿದ ಎರಡು ವಾರಕ್ಕೇ ಅವಳ ಮೈಮೇಲೆ ಊದಿಕೊಂಡ ಉಣುಗು ಕಾಣುವುದು ನಿಂತಿತು. ಗೋಡೆಯ ಮೇಲೆ ಮಾತ್ರ ಸಿಗುತ್ತಲೇ ಇದ್ದವು. ಎರಡನೇ ತಿಂಗಳ ಕೊನೆಗೆ ಒಮ್ಮೆಲೇ ಮರಿಗಳ ಹಿಂಡು ಕಂಡಾಗ ಎಲ್ಲಾ ವ್ಯರ್ಥವಾಯಿತು ಅಂತ ಅತ್ತುಬಿಟ್ಟೆ. ಅವು ಹಳೆಯ ಮೊಟ್ಟೆಯ ಮರಿಗಳು. ಎಷ್ಟೋ ಜನ ಕೈಬಿಡುವುದು ಇಲ್ಲೇ ಅಂತ ನನಗನಿಸುತ್ತದೆ. ನಾಯಿಗೆ ಔಷಧಿ ತಪ್ಪದಿದ್ದರೆ ಆ ಮರಿಗಳು ಬೆಳೆಯುವುದಿಲ್ಲ. ನಾನು ಸಿಕ್ಕ ಪ್ರತಿ ಉಣುಗನ್ನೂ ದಿನಾಂಕ ಹಾಕಿ ಬರೆದಿಡುತ್ತಿದ್ದೆ. ಮೊದಲ ವಾರ 43. ಮೂರನೇ ತಿಂಗಳಲ್ಲಿ ವಾರಕ್ಕೆ ನಾಲ್ಕೈದು. ಐದನೇ ತಿಂಗಳಲ್ಲಿ ಪರದೆಯ ಕೊಕ್ಕೆಯ ಹತ್ತಿರ ಒಂದು, ಒಣಗಿ ಹಗುರವಾಗಿದ್ದದ್ದು. ಆಮೇಲೆ ಒಂದೂ ಇಲ್ಲ.

ಚಿನ್ನುವಿನ ಗುಳಿಗೆ ವರ್ಷಪೂರ್ತಿ ನಡೆಯುತ್ತಿದೆ. ಬೇರೆ ನಾಯಿ ಮನೆಗೆ ಬರುವ ಮೊದಲು ಬಾಗಿಲಲ್ಲೇ ಅದರ ಕಿವಿ ನೋಡುತ್ತೇನೆ. ಅವಳು ಬೇರೆ ಕಡೆ ಉಳಿದು ಬಂದರೆ ಅವಳದ್ದನ್ನೂ. ಹುಲ್ಲು ಗಿಡ್ಡವಾಗಿ ಕತ್ತರಿಸಿ, ತರಗೆಲೆ ಗುಡಿಸಿ, ಹಿತ್ತಲ ಪೊದೆಗೂ ಮನೆಗೂ ನಡುವೆ ಮೂರಡಿ ಅಗಲಕ್ಕೆ ಜಲ್ಲಿ ಹಾಸಿದ್ದೇನೆ. ಬೇರೆ ಜಾತಿಯ ಉಣುಗುಗಳು ಅಂಥ ಒಣ ಜಾಗ ದಾಟಲು ಹಿಂಜರಿಯುತ್ತವೆ. ತಿಂಗಳಿಗೊಮ್ಮೆ ರಾತ್ರಿ ಟಾರ್ಚ್ ಹಿಡಿದು ಚೌಕಟ್ಟಿನ ಅಂಚುಗಳನ್ನು ಸುತ್ತಿ ಬರುತ್ತೇನೆ. ಈಗ ಆ ಸುತ್ತಿನಲ್ಲಿ ಚಿನ್ನುವೂ ನನ್ನ ಹಿಂದೆ ಹಿಂದೆ ಬರುತ್ತಾಳೆ.