ಬೆನ್ನಿನ ಆಪರೇಷನ್ ಆದ ಮೇಲೆ ನೆಲದ ಜೊತೆ ನನ್ನ ಸಂಬಂಧ

ನಮ್ಮ ಕಡೆ ಮನೆಗಳಲ್ಲಿ ಅರ್ಧ ಬದುಕು ನೆಲದ ಮೇಲೆಯೇ ನಡೆಯುತ್ತದೆ. ಊಟಕ್ಕೆ ನೆಲ, ರೊಟ್ಟಿ ಬಡಿಯಲು ನೆಲ, ಸೊಪ್ಪು ಸೋಸಲು ನೆಲ, ಮಧ್ಯಾಹ್ನ ಅಡ್ಡಾಗಲು ಚಾಪೆ. ಸಂಡಾಸಿನ ವಿಷಯವಂತೂ ಕೇಳಲೇಬೇಡಿ. ಸ್ಕೋಲಿಯೋಸಿಸ್ ಅಂದರೆ ಬೆನ್ನೆಲುಬು ಪಕ್ಕಕ್ಕೆ ಬಾಗುವುದು. ಅದರ ಆಪರೇಷನ್ ಆದವರು ಮೊದಲು ಬಿಡಬೇಕಾದದ್ದು ಇದೇ ನೆಲವನ್ನು. ಬಗ್ಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಮೂರು ಮಾತು ಬರೆದು ಕೊಡುತ್ತಾರೆ. ಧಾರವಾಡದ ಹಳೇ ಮನೆಯಲ್ಲಿ ಆ ಮೂರು ಮಾತು ಪಾಲಿಸುವುದು ಹೇಗೆ ಅಂತ ಯಾವ ಹಾಳೆಯಲ್ಲೂ ಇರುವುದಿಲ್ಲ. ನಾನು ಹೇಗೆ ಮಾಡಿಕೊಂಡೆ ಅನ್ನೋದನ್ನ ಹೇಳುತ್ತೇನೆ.

ನಾನು ಹೈಸ್ಕೂಲ್ ಟೀಚರ್. ಮನೆ ಧಾರವಾಡದಲ್ಲಿ, ಶಾಲೆ ಹುಬ್ಬಳ್ಳಿಯಲ್ಲಿ. ಬೆನ್ನು ಸೊಟ್ಟ ಅಂತ ಗೊತ್ತಾಗಿದ್ದು ಹುಡುಗಿಯಾಗಿದ್ದಾಗಲೇ. ಒಂದು ಕಡೆಯ ಭುಜದ ಎಲುಬು ಎದ್ದು ಕಾಣುತ್ತಿತ್ತು. "ನೆಟ್ಟಗ ನಿಂದರು" ಅಂತ ಮನೆಯಲ್ಲಿ ಬೈಯುತ್ತಿದ್ದರು. ಬೈದು ಸರಿಹೋಗುವಂಥದ್ದಲ್ಲ ಇದು. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್‌ಗೆ ಬಹಳ ಸಲ ಕಾರಣವೇ ಸಿಗುವುದಿಲ್ಲ. ಕೂರುವ ರೀತಿಯಿಂದ, ಶಾಲೆಯ ಚೀಲದಿಂದ ಬರುವುದಂತೂ ಅಲ್ಲ. ಎಕ್ಸ್‌ರೇಯಲ್ಲಿ ಬಾಗಿನ ಕೋನ ಅಳೆಯುತ್ತಾರೆ, ಅದಕ್ಕೆ ಕಾಬ್ ಕೋನ ಅನ್ನುತ್ತಾರೆ. ಅದು 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್. 50 ದಾಟಿದ ಬಾಗು ದೇಹದ ಬೆಳವಣಿಗೆ ನಿಂತ ಮೇಲೂ ಸುಮ್ಮನಿರುವುದಿಲ್ಲ, ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಡಿಗ್ರಿ ಜಾಸ್ತಿಯಾಗುತ್ತಾ ಹೋಗಬಹುದು. ಮೂವತ್ತೈದು ದಾಟುವ ಹೊತ್ತಿಗೆ ನನ್ನದು 58 ಆಗಿತ್ತು. ಎರಡು ಪೀರಿಯಡ್ ನಿಂತು ಪಾಠ ಮಾಡಿದರೆ ಮೂರನೆಯದಕ್ಕೆ ಮೇಜು ಹಿಡಿದು ನಿಲ್ಲಬೇಕಾಗುತ್ತಿತ್ತು.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಅದರ ಕಥೆ ನನಗೆ ಗೊತ್ತಿಲ್ಲ, ನಾನು ಮಲಗಿದ್ದೆ! ಎದೆಯ ಭಾಗದ ನಾಲ್ಕನೇ ಕಶೇರುವಿನಿಂದ, ಅಂದರೆ ಬೆನ್ನೆಲುಬಿನ ಮಣಿಯಿಂದ, ಸೊಂಟದ ಮೂರನೇ ಕಶೇರುವಿನವರೆಗೆ ಟೈಟಾನಿಯಂ ಸ್ಕ್ರೂ, ಎರಡು ರಾಡ್, ನಡುವೆ ಎಲುಬಿನ ಚೂರು, ಆ ಮಣಿಗಳೆಲ್ಲ ಕೂಡಿ ಒಂದಾಗಲಿ ಅಂತ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಸ್ಲ್ಯಾಬ್ ಕ್ಯೂರ್ ಆಗುವವರೆಗೆ ಕೆಳಗೆ ಸೆಂಟ್ರಿಂಗ್ ಹೊತ್ತು ನಿಲ್ಲುತ್ತದಲ್ಲ, ರಾಡ್ ಮಾಡುವುದು ಅದೇ ಕೆಲಸ. ಬೆನ್ನನ್ನು ಕೊನೆಗೆ ಹಿಡಿದಿಡುವುದು ಕೂಡಿಕೊಂಡ ಎಲುಬು. ಅದು ಕೂಡಲು ಆರು ತಿಂಗಳು, ವರ್ಷ, ದೊಡ್ಡವರಲ್ಲಿ ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಕೂಡದೇ ಹೋದರೆ ಎಂಥ ರಾಡ್ ಆದರೂ ದಣಿದು ಮುರಿಯಬಹುದು. ಸೆಂಟ್ರಿಂಗ್ ಬಿಚ್ಚುತ್ತಾರೆ, ರಾಡನ್ನು ಸಾಮಾನ್ಯವಾಗಿ ಬಿಚ್ಚುವುದಿಲ್ಲ, ಅಷ್ಟೇ ವ್ಯತ್ಯಾಸ. ಗಾಯ ಒಣಗಿತು, ನೋವು ಇಳಿಯಿತು, ಇನ್ನೇನು ಅಂತ ಅನಿಸುವ ಹೊತ್ತಿಗೆ ಒಳಗೆ ಎಲುಬಿನ ಕೆಲಸ ಅರ್ಧಕ್ಕೂ ಬಂದಿರುವುದಿಲ್ಲ. ದೊಡ್ಡವರಿಗೆ ಇದೇ ಕಷ್ಟ. ಹದಿನೈದರ ಹುಡುಗಿ ತಿಂಗಳು ಒಂದೂವರೆ ತಿಂಗಳಿಗೆ ಶಾಲೆಗೆ ಹೋಗಿಬಿಡುತ್ತಾಳೆ. ಅವಳಿಗೆ ಅಡುಗೆ ಮಾಡಿಕೊಡುವವರು ಇರುತ್ತಾರೆ. ನಮಗೆ?

ಆಸ್ಪತ್ರೆಯಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಜೊತೆಗಿರುವುದು ಹಾಸಿಗೆಯಿಂದ ಏಳುವ ವಿದ್ಯೆ. ಮಂಡಿ ಮಡಚಬೇಕು. ಭುಜ, ಸೊಂಟ, ಮಂಡಿ ಎಲ್ಲ ಒಟ್ಟಿಗೆ ಪಕ್ಕಕ್ಕೆ ಹೊರಳಬೇಕು. ಕಾಲು ಕೆಳಗೆ ಇಳಿಬಿಡುತ್ತಲೇ ಕೈಯಿಂದ ಹಾಸಿಗೆ ಒತ್ತಿ ಏಳಬೇಕು. ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರು, ಉಸಿರು ಎಳೆದು ಚೆಂಡು ಏರಿಸುವುದು. ನೋವಿನಿಂದ ಉಸಿರು ಮೇಲೆ ಮೇಲೆ ಆಡಿದರೆ ಕಫ ಕಟ್ಟುತ್ತದೆ, ಅದಕ್ಕೆ. ಯಾರೂ ಬಾಯಿ ಬಿಟ್ಟು ಹೇಳದ ಇನ್ನೊಂದು ಕಷ್ಟ ಮಲಬದ್ಧತೆ. ಜೋರು ನೋವಿನ ಮಾತ್ರೆಗಳು ಕರುಳನ್ನು ಮಂದ ಮಾಡುತ್ತವೆ, ಹೊಲಿಗೆ ಹಾಕಿದ ಬೆನ್ನಿನಿಂದ ತಿಣುಕುವುದು ಆಗದ ಮಾತು. ಡಾಕ್ಟರು ಕೊಟ್ಟ ಸಿರಪ್ಪಿನ ಜೊತೆ ಜೋಳದ ನುಚ್ಚು ಮಜ್ಜಿಗೆ, ಪಪ್ಪಾಯಿ, ಬೆಚ್ಚಗಿನ ನೀರು. ನೋವು ಶುರುವಾಗುವ ಮೊದಲೇ ಅದರ ಮಾತ್ರೆ ತಗೊಳ್ಳಿ ಅನ್ನುತ್ತಾರಲ್ಲ, ಹಾಗೇ ಈ ಸಿರಪ್ಪನ್ನೂ ಮೊದಲ ದಿನದಿಂದಲೇ ಕೇಳಿ ತಗೊಳ್ಳಿ ಅನ್ನುತ್ತೇನೆ ನಾನು.

ಊರಿಗೆ ಕಾರಿನಲ್ಲಿ ಬಂದೆವು. ನಾಲ್ಕುನೂರು ಕಿಲೋಮೀಟರಿನ ಹಾದಿ. ಡಾಕ್ಟರು ಒಪ್ಪಿದ್ದರು, ಆದರೆ ತಾಸಿಗೊಮ್ಮೆ ಇಳಿದು ನಡೆಯಬೇಕು ಅಂತ ಷರತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಮುಂದಿನ ಸೀಟು ಹಿಂದಕ್ಕೆ ಒರಗಿಸಿ, ಸೊಂಟಕ್ಕೆ ಚಿಕ್ಕ ದಿಂಬು ಇಟ್ಟುಕೊಂಡು ಕೂತೆ. ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ. ಎಲ್ಲ ಕಡೆ ಹೋಟೆಲ್ ಮುಂದೆ ವಾಕರ್ ಹಿಡಿದು ಓಡಾಡಿದ್ದೇ. ಹೆದ್ದಾರಿ ಪರವಾಗಿಲ್ಲ. ಜೀವ ಹೋದದ್ದು ನಮ್ಮ ಓಣಿಯ ಹಂಪುಗಳಲ್ಲಿ.

ಇನ್ನು ಮನೆ. ಆಪರೇಷನ್‌ಗೆ ಹೋಗುವ ಮೊದಲೇ ಇದನ್ನು ಮಾಡಿಟ್ಟಿದ್ದೆ, ಅದೇ ನನ್ನನ್ನು ಉಳಿಸಿತು. ನಿಯಮ ಒಂದೇ: ದಿನಕ್ಕೊಮ್ಮೆ ಬೇಕಾಗುವ ಯಾವ ವಸ್ತುವೂ ಸೊಂಟಕ್ಕಿಂತ ಕೆಳಗೆ, ಭುಜಕ್ಕಿಂತ ಮೇಲೆ ಇರಕೂಡದು. ಅಕ್ಕಿ ಡಬ್ಬಿ, ಜೋಳದ ಹಿಟ್ಟು, ಎಣ್ಣೆ, ತಾಟು, ಲೋಟ ಎಲ್ಲ ಕಟ್ಟೆಯ ಮೇಲೆ ಬಂದವು. ಅಡುಗೆಮನೆ ನೋಡೋಕೆ ಸಂತೆಯಾಯಿತು, ಆಗಲಿ ಬಿಡಿ. ಮಂಚದ ಎತ್ತರ ನನ್ನ ಮಂಡಿಗಿಂತ ಕೊಂಚ ಜಾಸ್ತಿ ಇರಲಿ ಅಂತ ಕಾಲಿನ ಕೆಳಗೆ ಬಡಗಿಯಿಂದ ಕಟ್ಟಿಗೆಯ ತುಂಡು ಹಾಕಿಸಿದೆ. ತಗ್ಗಿನ ಮಂಚದಿಂದ ಏಳುವಾಗ ಮುಂದಕ್ಕೆ ಬಗ್ಗಲೇಬೇಕಾಗುತ್ತದೆ, ಅದು ಬೇಡ. ಸೋಫಾದ ಕಡೆ ತಲೆ ಹಾಕಲಿಲ್ಲ. ಕೈ ಇರುವ ಕಟ್ಟಿಗೆ ಕುರ್ಚಿ ಒಂದು ಸಾಕು.

ಸಂಡಾಸಿಗೆ ಸರ್ಜಿಕಲ್ ಅಂಗಡಿಯಿಂದ ಕಮೋಡ್ ಕುರ್ಚಿ ತಂದೆವು. ನಡುವೆ ತೂತಿರುವ ಕಬ್ಬಿಣದ ಸ್ಟ್ಯಾಂಡು, ನಮ್ಮ ಕುಕ್ಕರಗಾಲಲ್ಲಿ ಕೂರುವ ಸಂಡಾಸಿನ ಮೇಲೆಯೇ ನಿಲ್ಲುತ್ತದೆ. ಇದಕ್ಕಾಗಿ ಬಾತ್‌ರೂಮ್ ಒಡೆಸುವುದೇನೂ ಬೇಡ. ಕಾಲಿಗೆ ರಬ್ಬರ್ ಬೂಟು ಇದೆಯಾ ನೋಡಿಕೊಳ್ಳಿ, ಒದ್ದೆ ನೆಲದ ಮೇಲೆ ಜಾರುತ್ತದೆ. ಸ್ನಾನಕ್ಕೆ ಎರಡು ಸ್ಟೂಲು: ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಬಕೆಟ್. ಬಕೆಟ್ ನೆಲದಲ್ಲಿದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕು, ಲೆಕ್ಕ ಹಾಕಿ ನೋಡಿ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಉದ್ದ ಕೋಲಿನ ಇಕ್ಕಳ ಸಿಗುತ್ತದೆ. ಮೊಬೈಲ್ ಚಾರ್ಜರ್, ಬಾಚಣಿಕೆ, ಕರಿಬೇವಿನ ಕಡ್ಡಿ, ಎಲ್ಲ ಅದರಲ್ಲೇ ಎತ್ತಿದ್ದೇನೆ. ಮಕ್ಕಳಿಗೆ ಅದು ಆಟದ ಸಾಮಾನಾಯಿತು, ಬೇಕಾದಾಗ ಕೈಗೆ ಸಿಗುತ್ತಿರಲಿಲ್ಲ.

ವಸ್ತುಗಳನ್ನು ಮೇಲೆ ತರುವುದು ಸುಲಭ. ರೂಢಿಗಳನ್ನು ತರುವುದು ಕಷ್ಟ. ನೀರಿನ ಕೊಡ ಎತ್ತುವ ಹಾಗಿಲ್ಲ. ಮೊದಲ ತಿಂಗಳುಗಳಲ್ಲಿ ಎರಡು ಮೂರು ಕಿಲೋಗಿಂತ ಭಾರ ಎತ್ತಬಾರದು ಅಂದಿದ್ದರು, ತುಂಬಿದ ಕುಕ್ಕರ್ ಒಂದೇ ಅಷ್ಟನ್ನು ದಾಟಿಬಿಡುತ್ತದೆ. ಬಾಗಿಲ ಮುಂದೆ ರಂಗೋಲಿ ಮಗಳ ಪಾಲಾಯಿತು. ಪಂಚಮಿಗೆ ಎಲ್ಲರೂ ಜೋಕಾಲಿ ಜೀಕುವಾಗ ನಾನು ಅಳ್ಳು, ಉಂಡಿ ತಿನ್ನುತ್ತಾ ನೋಡಿದೆ. ಎಲ್ಲಕ್ಕಿಂತ ದೊಡ್ಡ ಪಂಚಾಯ್ತಿ ಅಂದರೆ ಹಿರಿಯರ ಕಾಲು ಮುಟ್ಟುವುದು. ಮದುವೆ ಮನೆಯಲ್ಲಿ ಕೈ ಮುಗಿದು ನಿಂತರೆ ಕೆಲವರಿಗೆ ಸಿಟ್ಟು. ನನ್ನ ಜೊತೆ ಬರುತ್ತಿದ್ದ ನಾದಿನಿಗೆ ಒಂದು ಕೆಲಸ ಹಚ್ಚಿದ್ದೆ. ಯಾರಾದರೂ ದೊಡ್ಡವರು ಎದುರಾದರೆ ನಾನು ಬಾಯಿ ತೆರೆಯುವ ಮೊದಲು ಅವಳೇ, "ಇಕಿಗೆ ಆಪರೇಷನ್ ಆಗೇತ್ರಿ, ಬಗ್ಗಂಗಿಲ್ಲ" ಅನ್ನುವುದು. ಆಮೇಲೆ ಸಿಟ್ಟು ಹೋಗಿ ಪ್ರಶ್ನೆ ಶುರು. "ರಾಡ್ ಹಾಕ್ಯಾರಂತಲ್ಲವಾ, ಮಳಿಗಾಲದಾಗ ತುಕ್ಕು ಹಿಡಿಯೂದಿಲ್ಲೇನು?" ಹಿಡಿಯುವುದಿಲ್ಲ. ಟೈಟಾನಿಯಂ ತುಕ್ಕು ಹಿಡಿಯುವ ಲೋಹವಲ್ಲ. ಬೇಕಾದರೆ ಎಂಆರ್‌ಐ ಕೂಡ ಮಾಡಿಸಬಹುದು, ರಾಡಿನ ಸುತ್ತಲಿನ ಚಿತ್ರ ಸ್ವಲ್ಪ ಕದಡುತ್ತದೆ ಅಷ್ಟೇ.

ಎಣ್ಣೆ ಹಚ್ಚಿ ಮಾಲೀಸು ಮಾಡುತ್ತೇವೆ ಅಂತ ಬಂದವರಿಗೆ ಮಾತ್ರ ನಾನು ನಯವಾಗಿ ಮಾತಾಡಲಿಲ್ಲ. ಎಲುಬು ಕೂರಿಸುವವರು, ಬೆನ್ನು ಲಟಿಕೆ ತೆಗೆಯುವವರು, ಯಾರನ್ನೂ ಹತ್ತಿರ ಬಿಡಬೇಡಿ. ಧಾರವಾಡದಲ್ಲಿ ಯೋಗ ಹೇಳಿಕೊಡುವವರಿಗೂ ಬರವಿಲ್ಲ. "ಎರಡು ಆಸನ ಹಾಕಿದರೆ ಬೆನ್ನು ಸಡಿಲ ಆಗ್ತದ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಕೂಡಿಸಿದ ಬೆನ್ನು ಸಡಿಲ ಆಗಬಾರದು ಅನ್ನೋದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು! ತಂಬಾಕು ತಿನ್ನುವವರು, ಬೀಡಿ ಸಿಗರೇಟು ಸೇದುವವರು ಆಪರೇಷನ್‌ಗೆ ಮೊದಲೇ ಬಿಡಬೇಕು. ನಿಕೋಟಿನ್ ಎಲುಬು ಕೂಡುವುದಕ್ಕೆ ಅಡ್ಡ ಬರುತ್ತದೆ. ಗುಟ್ಕಾದಲ್ಲಿ ಇರುವುದೂ ಅದೇ. ಅಂಗಡಿಯಿಂದ ಸುಮ್ನೆ ನೋವಿನ ಮಾತ್ರೆ ತಂದು ನುಂಗುವುದೂ ಬೇಡ, ಕೆಲವು ಮಾತ್ರೆಗಳನ್ನು ಈ ಅವಧಿಯಲ್ಲಿ ಸರ್ಜನ್‌ಗಳು ಬೇಡ ಅನ್ನುತ್ತಾರೆ.

ವ್ಯಾಯಾಮ ಅಂದರೆ ಮೊದಲ ಮೂರು ತಿಂಗಳು ನಡಿಗೆ ಒಂದೇ. ಒಂದೇ ಸಲ ಜಾಸ್ತಿ ನಡೆಯುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಯುವುದು ನನಗೆ ಹಿಡಿಸಿತು. ಪಡಸಾಲೆಯಲ್ಲಿ ಶುರು ಮಾಡಿ, ಆಮೇಲೆ ಓಣಿ, ಆಮೇಲೆ ಸಾಧನಕೇರಿ, ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಜುಲೈ ಬಂತೆಂದರೆ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಕೆಂಪು ಮಣ್ಣು ಜಾರುತ್ತದೆ. ಆ ದಿನಗಳಲ್ಲಿ ಮತ್ತೆ ಪಡಸಾಲೆಯೇ ಗತಿ. ಓಣಿಯಲ್ಲಿ ನಡೆಯುವಾಗ ಕೈಯಲ್ಲಿ ಕೋಲು ಇರಲಿ. ನಾಯಿಯನ್ನು ಬಡಿಯಲು ಅಲ್ಲ. ಅದು ಬೊಗಳಿದಾಗ ನೀವು ಗಕ್ಕನೆ ತಿರುಗದೇ ಇರಲು.

ನಡುವೆ ಒಂದು ಕೆಟ್ಟ ಕಾಲ ಬಂತು. ನೋಡೋಕೆ ಬರುವವರು ಕಡಿಮೆಯಾಗಿದ್ದರು, ಜೋರು ಮಾತ್ರೆಗಳನ್ನು ಇಳಿಸುತ್ತಿದ್ದರು, ನಿದ್ದೆ ಬರುತ್ತಿರಲಿಲ್ಲ. ಯಾಕಾದರೂ ಮಾಡಿಸಿಕೊಂಡೆನೋ ಅಂತ ಅಳು. ಡಾಕ್ಟರಿಗೆ ಹೇಳಿದೆ. ಮಾತ್ರೆ ಇಳಿಸುವ ವೇಗ ಕಡಿಮೆ ಮಾಡಿದರು. ಇಂಥದ್ದನ್ನು ನುಂಗಿಕೊಂಡು ಕೂರಬೇಡಿ. ಇನ್ನು ಕಾಯದೇ ಫೋನ್ ಮಾಡಬೇಕಾದವು ಬೇರೆ ಇವೆ: ಜ್ವರ, ಗಾಯದಿಂದ ಸೋರುವುದು, ಮೀನಖಂಡ ಊದಿ ನೋಯುವುದು. ಕಾಲಿನಲ್ಲಿ ಹೊಸದಾಗಿ ಶಕ್ತಿ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ದಮ್ಮು ಬಂದರೆ ಫೋನ್ ಕೂಡ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಗಾಯದ ಸುತ್ತ ಚರ್ಮ ಜೋಮು ಹಿಡಿದಂತೆ ಇರುವುದು, ತುರಿಸುವುದು, ಭುಜದ ಎಲುಬಿನ ಬಳಿ ಬಿಗಿಯುವುದು ಇವೆಲ್ಲ ಬಹಳ ಜನಕ್ಕೆ ಇರುತ್ತವೆ. ನನಗೆ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಕೆಲಸಕ್ಕೆ ಮರಳಿದ್ದು ನಾಲ್ಕು ತಿಂಗಳು ದಾಟಿದ ಮೇಲೆ, ಮೊದಲು ಅರ್ಧ ದಿನ. ಹುಬ್ಬಳ್ಳಿಗೆ ಹೋಗಲು ಚಿಗರಿ ಬಸ್ಸು. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲು ಹತ್ತುವ ಗೋಜಿಲ್ಲ. ಅವುಗಳಿಗೆ ಬೇರೆಯೇ ದಾರಿ ಇರುವುದರಿಂದ ಬ್ರೇಕಿನ ಜೋಲಿಯೂ ಕಡಿಮೆ. ಆಟೋ, ಸ್ಕೂಟರ್ ಆಗ ಮುಟ್ಟಲಿಲ್ಲ. ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವುದನ್ನು ಬಿಟ್ಟೆ, ಎದೆಯ ಎತ್ತರಕ್ಕೆ ಒಂದು ಗೆರೆ ಎಳೆದು ಅದರ ಕೆಳಗೆ ಮಾತ್ರ ಬರೆದೆ. ಹಿಂದಿನ ಬೆಂಚಿನವರು ಗೊಣಗಿದರು. ಉತ್ತರ ಪತ್ರಿಕೆ ತಿದ್ದುವುದು ಬೆನ್ನಿಗಿಂತ ಕುತ್ತಿಗೆಗೆ ಕಷ್ಟ. ಮೇಜಿನ ಮೇಲೆ ಇಳಿಜಾರಾಗಿ ಒಂದು ಹಲಗೆ ಇಟ್ಟುಕೊಂಡೆ. ಅರ್ಧ ತಾಸಿಗೊಮ್ಮೆ ಎದ್ದು ಓಡಾಡುವುದನ್ನು ಈಗಲೂ ಬಿಟ್ಟಿಲ್ಲ.

ಬಾಗು ಪೂರ್ತಿ ಹೋಯಿತಾ ಅಂತ ಕೇಳುತ್ತಾರೆ. ಇಲ್ಲ. 58 ಇದ್ದದ್ದು 26 ಆಗಿದೆ. ದೊಡ್ಡವರ ಬೆನ್ನು ಗಟ್ಟಿಯಾಗಿರುತ್ತದೆ, ಎಳೆದು ಸೊನ್ನೆಗೆ ತರಲು ಹೋದರೆ ನರಕ್ಕೆ ಅಪಾಯ. ದೇಹ ನಡುವಿಗೆ ಬಂದು ನಿಲ್ಲುವುದು ಮುಖ್ಯ. ಎತ್ತರ ಸ್ವಲ್ಪ ಹೆಚ್ಚಿತು, ಸೀರೆ ಒಂದು ಬೆರಳು ಮೇಲೆ ಬಂತು. ಹಳೇ ಕುಪ್ಪಸಗಳು ಒಂದೂ ಆಗಲಿಲ್ಲ. ನಮ್ಮ ಟೇಲರ್ ವರ್ಷಗಟ್ಟಲೆ ನನ್ನ ಎಡ ಭುಜಕ್ಕೆ ಒಳಗಿನಿಂದ ಬಟ್ಟೆ ಮಡಚಿ ಹೊಲಿದು ಎರಡೂ ಕಡೆ ಸಮ ಮಾಡುತ್ತಿದ್ದಳು, ಅದು ನಮ್ಮಿಬ್ಬರ ಗುಟ್ಟು. ಈ ಸಲ ಟೇಪು ಹಿಡಿದವಳು ಮೂರು ಸಲ ಅಳೆದಳು. ಆಮೇಲೆ ಹಳೇ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದಿನ ಅಳತೆಗೆ ಗೀಟು ಹಾಕಿ, "ಮಡಿಕಿ ಕೂಲಿ ಉಳೀತು ನಿಮಗ" ಅಂದಳು.

ವರ್ಷದ ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಚೆನ್ನಾಗಿ ಕಂಡಿತು, ಸ್ಕೂಟರ್‌ಗೂ ಒಪ್ಪಿಗೆ ಸಿಕ್ಕಿತು. ಕೆಳಗಿನ ಮೂರು ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ಕೂಡಿಸದೇ ಬಿಟ್ಟಿದ್ದಾರೆ. ಈಗ ಬಗ್ಗುವುದೆಲ್ಲ ಅವುಗಳಿಂದ, ಸೊಂಟದ ಕೀಲಿನಿಂದ, ಮಂಡಿಯಿಂದ. ಹಾಗಾಗಿ ಅವು ಬೇಗ ಸವೆಯದಂತೆ ನೋಡಿಕೊಳ್ಳಬೇಕು. ಈಗ ನೆಲದ ಮೇಲೆ ಕೂರಲು ಬರುತ್ತದೆ, ಆದರೆ ಏಳಲು ಗೋಡೆ ಬೇಕು. ಕಮೋಡ್ ಕುರ್ಚಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ರೊಟ್ಟಿಯನ್ನು ಕಟ್ಟೆಯ ಮೇಲೆ ನಿಂತೇ ಬಡಿಯುತ್ತೇನೆ, ನಾಲ್ಕೈದು ಬಡಿಯುವಷ್ಟರಲ್ಲಿ ಭುಜ ಸಾಕು ಅನ್ನುತ್ತದೆ. ಉಳಿದವನ್ನು ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರಿಂದ ತರಿಸುತ್ತೇವೆ. ನಿಜ ಹೇಳಬೇಕೆಂದರೆ ಅವರವು ನನ್ನವಕ್ಕಿಂತ ತೆಳ್ಳಗೆ ಇರುತ್ತವೆ.