ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬುವುದು) ಇದ್ದವರು ಮಳೆಗಾಲದ ಜ್ವರ ಸಂಭಾಳಿಸುವ ಬಗೆ

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಲೋಕಲ್ ರೈಲಿನ ಡಬ್ಬಿ ತುಂಬ ಕೆಮ್ಮು. ಫ್ಲೂ ವೈರಸ್ ಕೂರುವುದು ಗಂಟಲು, ಶ್ವಾಸಕೋಶಗಳಲ್ಲಿ. ಆದರೆ ಅದರ ವಿರುದ್ಧ ಮೈಯಲ್ಲಿ ಏಳುವ ಉರಿಯೂತ ಲಿವರನ್ನೂ ಮುಟ್ಟುತ್ತದೆ. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಸ್ವಲ್ಪ ಏರಿ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯಲು ಅಡ್ಡಿಯಾಗುವುದು ಹಲವು ಸಲ ನಾವೇ ನುಂಗಿದ ಮಾತ್ರೆ, ಕಷಾಯ.

ಫ್ಲೂ ಲಸಿಕೆಯನ್ನು ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಪ್ರತಿ ವರ್ಷವೂ ಬೇಕು.

ಆರೋಗ್ಯವಾಗಿರುವಾಗಲೇ ಫಿಬ್-4, ಅಂದರೆ ಲಿವರ್ ಎಷ್ಟು ಕಲೆಗಟ್ಟಿದೆ ಎಂದು ರಕ್ತಪರೀಕ್ಷೆಯಿಂದ ಅಂದಾಜಿಸುವ ಅಂಕಿ, ಲೆಕ್ಕ ಹಾಕಿಡಿ. ವಯಸ್ಸನ್ನು ಎಸ್‌ಜಿಪಿಟಿಯಂಥದೇ ಇನ್ನೊಂದು ಕಿಣ್ವವಾದ ಎಸ್‌ಜಿಓಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (2.1 ಲಕ್ಷವಿದ್ದರೆ 210 ಎಂದು) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 48, ಎಸ್‌ಜಿಓಟಿ 52, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 210 ಆದರೆ ಉತ್ತರ 1.49. 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಕಲೆಗಟ್ಟಿ ಗಡುಸಾಗಿರುವ ಸಂಭವ ಕಡಿಮೆ (65 ದಾಟಿದವರಿಗೆ ಈ ಗಡಿ 2.0), ಅದಕ್ಕಿಂತ ಹೆಚ್ಚಿದ್ದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಸ್ಕ್ಯಾನ್) ಬಗ್ಗೆ ವೈದ್ಯರನ್ನು ಕೇಳಿ, 2.67 ಮೀರಿದರೆ ಲಿವರ್ ತಜ್ಞರನ್ನೇ ಕಾಣಿ. ಜ್ವರದಲ್ಲಿ ಈ ಲೆಕ್ಕ ಬೇಡ. ಅದೇ ವ್ಯಕ್ತಿಗೆ ಜ್ವರದಲ್ಲಿ ಎಸ್‌ಜಿಓಟಿ 90, ಎಸ್‌ಜಿಪಿಟಿ 100, ಪ್ಲೇಟ್‌ಲೆಟ್ 150 ಬಂದರೆ ಉತ್ತರ 2.88ಕ್ಕೆ ಜಿಗಿದು ಮನೆಮಂದಿಯೆಲ್ಲ ಸುಮ್ಮನೆ ಗಾಬರಿಯಾಗುತ್ತಾರೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಎಣಿಸಿ ನುಂಗಿ. ಒಮ್ಮೆಗೆ 500 ಅಥವಾ 650 ಮಿ.ಗ್ರಾಂ., ನಡುವೆ 6 ಗಂಟೆ ಅಂತರ. ಮದ್ಯಪಾನದ ರೂಢಿಯೋ ಸಿರೋಸಿಸ್ಸೋ (ಲಿವರ್ ಪೂರ್ತಿ ಕಲೆಗಟ್ಟಿದ ಸ್ಥಿತಿ) ಇದ್ದವರು ವೈದ್ಯರನ್ನು ಕೇಳದೆ ದಿನಕ್ಕೆ 2 ಗ್ರಾಂ ದಾಟಬೇಡಿ. ಎಡವಟ್ಟಾಗುವುದು ಇಲ್ಲಿ: ಮೆಡಿಕಲ್ ಅಂಗಡಿಯ ನೆಗಡಿ ಮಾತ್ರೆಗಳಲ್ಲೂ ಹೆಚ್ಚಾಗಿ ಪ್ಯಾರಾಸಿಟಮಾಲೇ ಇರುತ್ತದೆ. ಎರಡನ್ನೂ ತೆಗೆದುಕೊಂಡರೆ ಗೊತ್ತಿಲ್ಲದೆ ಪ್ರಮಾಣ ದುಪ್ಪಟ್ಟಾಗುತ್ತದೆ. ಮಾತ್ರೆ ಪಟ್ಟಿಯ ಹಿಂಭಾಗ ಓದಿ, ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್ ಬೇಡ; ರಕ್ತಸ್ರಾವದ ಅಪಾಯವಿದೆ.

ಅಮೃತಬಳ್ಳಿ, ಅಂದರೆ ಇಲ್ಲಿನವರ ಗುಳವೇಲ್, ಕಷಾಯವನ್ನು ಬಿಟ್ಟುಬಿಡಿ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ 6 ಮಂದಿಯ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬಯಿಯ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಗಂಟಲಿಗೆ ಹಿತವೆನಿಸಿದರೆ ಶುಂಠಿ ಹಾಕಿದ ಬಿಸಿನೀರು, ಊಟಕ್ಕೆ ಗಂಜಿ, ಹೆಸರುಬೇಳೆ ತೊವ್ವೆ.

ಫ್ಲೂ ಎಂದು ಅನುಮಾನ ಬಂದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, 48 ಗಂಟೆಯೊಳಗೆ ವೈದ್ಯರ ಬಳಿ ಹೋಗಿ. ವೈರಸ್ ವಿರೋಧಿ ಔಷಧಿ ಹೆಚ್ಚು ಕೆಲಸ ಮಾಡುವುದು ಆಗಲೇ. ರಸ್ತೆಯಲ್ಲಿ ನಿಂತ ನೀರಿನಲ್ಲಿ ನಡೆದಿದ್ದರೆ ಅದನ್ನೂ ಹೇಳಿ, ಇಲಿಜ್ವರವೂ ಲಿವರನ್ನು ಹಿಡಿಯುತ್ತದೆ. ಕಣ್ಣು ಹಳದಿಯಾದರೆ, ಮಾತು ತೊದಲಿದರೆ, ರಕ್ತದ ಆಕ್ಸಿಜನ್ ಶೇ. 94ಕ್ಕಿಂತ ಇಳಿದರೆ ನೇರ ಆಸ್ಪತ್ರೆಗೆ.

ಜ್ವರ ಬಿಟ್ಟು 4ರಿಂದ 6 ವಾರವಾದ ಮೇಲೆ ಲಿವರ್ ಪರೀಕ್ಷೆ ಮತ್ತೆ ಮಾಡಿಸಿ, ಹಳೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಿ.